ಮೂರ್ಛೆಹೋದ ನೊಣದ ಸಾಕ್ಷ್ಯ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಾವು ಮುಂಬಯಿಯ ಚರಿತ್ರೆಯೆಂದರೆ ಗಿರಣಿ, ಬಂದರು, ಹೋಟೆಲುಗಳೆಂದೇ ಎಣಿಸುತ್ತೇವೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಅದರಲ್ಲೊಂದು ಪುಟ ಸಲ್ಲಬೇಕು.

1962ರಲ್ಲಿ ಅಲ್ಲಿ ಆಣ್ವಿಕ ಜೀವಶಾಸ್ತ್ರದ ವಿಭಾಗವನ್ನು ಕಟ್ಟಿದವರು ಒಬೈದ್ ಸಿದ್ದಿಕಿ. ಅಮೆರಿಕದ ಸೀಮೋರ್ ಬೆಂಜರ್ ಅವರೊಡನೆ 1976ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ಬಿಸಿ ತಗುಲಿದರೆ ಚಲನೆ ಕಳೆದುಕೊಳ್ಳುವ ಹಣ್ಣುನೊಣಗಳನ್ನು ವಿವರಿಸಿದರು. ಅವುಗಳಲ್ಲೊಂದು ತಳಿ ತಣ್ಣಗಾದ ಮೇಲೂ ಬೇಗ ಚೇತರಿಸಿಕೊಳ್ಳದು. ಅದರ ಹೆಸರು ‘ಕೋಮಟೋಸ್’. ಕಾರಣವನ್ನು 1995ರಲ್ಲಿ ಬೇರೆ ಸಂಶೋಧಕರು ಕಂಡುಕೊಂಡರು: ಆ ನೊಣದಲ್ಲಿ ಕೆಟ್ಟಿದ್ದುದು ಎನ್‌ಎಸ್‌ಎಫ್ ಎಂಬ ಪ್ರೋಟೀನು.

ನರಕೋಶದೊಳಗೆ ಸಂದೇಶದ್ರವ್ಯ ತುಂಬಿದ ಪುಟ್ಟ ಚೀಲಗಳಿವೆ. ಚೀಲದ ಪೊರೆಯಲ್ಲೂ ಕೋಶದ ಪೊರೆಯಲ್ಲೂ ಇರುವ ಸ್ನೇರ್ ಪ್ರೋಟೀನುಗಳು ಹಗ್ಗದ ಎಳೆಗಳಂತೆ ಹುರಿಗೊಂಡು, ಎರಡು ಪೊರೆಗಳನ್ನೂ ಸೆಳೆದು ಒಂದಾಗಿಸುತ್ತವೆ, ಸಂದೇಶ ಹೊರಬೀಳುತ್ತದೆ. ಆ ಹುರಿಯನ್ನು ಎಟಿಪಿಯ ಶಕ್ತಿ ವ್ಯಯಿಸಿ ಬಿಚ್ಚುವುದು ಎನ್‌ಎಸ್‌ಎಫ್‌ನ ಕೆಲಸ. ಬಿಚ್ಚದಿದ್ದರೆ ಮುಂದಿನ ಬೆಸುಗೆಗೆ ಬಿಡಿ ಪ್ರೋಟೀನು ಸಾಲದು, ನೊಣ ಕುಸಿಯುತ್ತದೆ.

ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿ, 2013ರ ಜುಲೈಯಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಆ ಅಕ್ಟೋಬರಿನಲ್ಲಿ, ಕೋಶದೊಳಗಿನ ಈ ಸಾಗಾಟದ ಗುಟ್ಟು ಬಿಡಿಸಿದುದಕ್ಕಾಗಿ ರಾಥ್‌ಮನ್, ಶೆಕ್‌ಮನ್, ಸೂಡಾಫ್ ಅವರಿಗೆ ನೊಬೆಲ್ ಸಂದಿತು. ಎನ್‌ಎಸ್‌ಎಫ್ ಅನ್ನು ಬೇರ್ಪಡಿಸಿದ್ದು ರಾಥ್‌ಮನ್‌ರ ಬಳಗವೇ. ಆ ಪ್ರೋಟೀನು ಕೈಕೊಟ್ಟರೆ ಏನಾಗುವುದೆಂಬ ಸಾಕ್ಷ್ಯವನ್ನು, ಕಾರಣ ತಿಳಿಯುವ 19 ವರ್ಷ ಮೊದಲೇ ಬರೆದಿಟ್ಟವರನ್ನೂ ನಾವು ನೆನೆಯುವುದು ನ್ಯಾಯ.