ಆಸ್ಪತ್ರೆಗೆ ನಿಲ್ಲುಕೆ ಯಾರಿದ್ರ್?

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಯಾರನ್ನಾದ್ರೂ ಅಡ್ಮಿಟ್ ಮಾಡಿದ್ರೆ ಜನ ಮೊದಲು ಕೇಳೋದು, 'ಹ್ವಾಯ್, ಆಸ್ಪತ್ರೆಗೆ ನಿಲ್ಲುಕೆ ಯಾರಿದ್ರ್?' ಅಂತ. ಇವತ್ತಿನ ಎಪಿಸೋಡ್ ಆ ನಿಲ್ಲುವವರ ಚರಿತ್ರೆ.

ಅಜ್ಜನಿಗೆ ಲಕ್ವ ಹೊಡೆದಾಗ ನಾನು ಬಿ.ಕಾಂ. ಎರಡನೇ ವರ್ಷ. ಅಮ್ಮ 19 ದಿನ ಮಂಚದ ಪಕ್ಕ ಚಾಪೆ ಹಾಕಿ ಮಲಗಿದ್ರು. ಮಗ್ಗುಲು ಬದಲಿಸೋದು, ಬಟ್ಟೆ ಬದಲಿಸೋದು, ಔಷಧಿಗೆ ಓಡೋದು ಎಲ್ಲ ಅವರೇ. ಡಿಸ್ಚಾರ್ಜ್ ದಿನ ಬಿಲ್ ನೋಡಿದೆ. ಬೆಡ್, ಸ್ಕ್ಯಾನ್, ಔಷಧಿ, ಎಲ್ಲದಕ್ಕೂ ಒಂದೊಂದು ಸಾಲು. ಅಮ್ಮನ ಕೆಲಸಕ್ಕೆ ಸಾಲೇ ಇಲ್ಲ. ಮನೆಗೆ ಬಂದ ಮೇಲೆ ಮತ್ತೆ ನಾಲ್ಕು ವರ್ಷ. ಗೇರುಬೀಜ ಫ್ಯಾಕ್ಟರಿ ಕೆಲಸ ಬಿಟ್ಟರು. ಆ ಸಂಬಳವೂ ಯಾವ ಲೆಕ್ಕಕ್ಕೂ ಬರಲಿಲ್ಲ.

ಮನೆಯವರು ಜೊತೆಗಿರೋದು ಎಲ್ಲ ಕಡೆ ಮೊದಲಿನಿಂದ ಇದ್ದ ಪದ್ಧತಿ ಅಲ್ಲ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ರೋಗಿ ಒಳಗೆ, ಮನೆಯವರು ಹೊರಗೆ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡರು. ರೋಗಿ ಅನಾಥ ಆಗಬಾರದು ಅನ್ನೋದು ಉದ್ದೇಶ. ಬೆಂಗಳೂರಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಕೂಡ ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿಯೇ ನೋಡಿತು. ಒಳ್ಳೆಯ ವಿಚಾರ. ಆದ್ರೆ ಮಾಮೂಲಿ ವಾರ್ಡುಗಳಲ್ಲಿ ಜೊತೆಗಿರುವವರು ಸಂಬಳವಿಲ್ಲದ ಕೆಲಸಗಾರರಾದರು.

ನಮ್ಮ ಕರಾವಳಿಯಲ್ಲಿ ದೂರ ಕಡಿಮೆ ಆಗಿದೆ, ನಿಜ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕಾದವು. ಆದ್ರೆ ಗಂಡಸರಲ್ಲಿ ಎಷ್ಟೋ ಜನ ಬೆಂಗಳೂರು, ಮುಂಬೈ ಹೋಟೆಲುಗಳಲ್ಲಿ. ಹಾಗಾಗಿ ನಿಲ್ಲೋದು ಹೆಚ್ಚಾಗಿ ಮಗಳು, ಇಲ್ಲಾ ಸೊಸೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಮಾತು ಬಂತು. 2024-25ರ ರಾಜ್ಯ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ದಿನಕ್ಕೆ 33 ರೂಪಾಯಿ. ಆ ಪಟ್ಟಿಯಲ್ಲಿ ಲಕ್ವ ಇಲ್ಲ. ಕಡಿಮೆಯೇ, ಆದ್ರೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಶುರುವಾಯ್ತಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. 'ದುಡ್ಡು ಬಿಡು ಮಗಾ, ಒಂದು ರಾತ್ರಿ ನಂಗೆ ಮಲಗು ಅಂತ ಹೇಳುವವರು ಒಬ್ರು ಬೇಕಿತ್ತು' ಅಂದ್ರು.

ನಿಮ್ಮ ಮನೆಯಲ್ಲಿ ಯಾರು ನಿಂತಿದ್ರು? ಮುಂದಿನ ಸಲ ಒಂದು ರಾತ್ರಿಯಾದ್ರೂ ಅವರನ್ನು ಮನೆಗೆ ಕಳಿಸಿ, ನೀವು ನಿಲ್ಲಿ.