ಸಾವಿಗೆ ಮುಂಚೆಯೇ ಶುರುವಾದ ಶೋಕ: ಗಾಯಕ ಲೇನ್ ಸ್ಟೇಲಿ ಮತ್ತು ಸಿಯಾಟಲ್‌ನ ಚರಮಗೀತೆಗಳು

‘ಆಲಿಸ್ ಇನ್ ಚೈನ್ಸ್’ ರಾಕ್ ತಂಡದ ಗಾಯಕ ಲೇನ್ ಸ್ಟೇಲಿ ಅಮೆರಿಕದ ಸಿಯಾಟಲ್ ನಗರದ ತನ್ನ ಮನೆಯಲ್ಲಿ ತೀರಿಕೊಂಡದ್ದು 2002ರ ಏಪ್ರಿಲ್ 5ರಂದು. ಆಗ ಅವನಿಗೆ 34 ವರ್ಷ. ಹೆರಾಯಿನ್ ಮತ್ತು ಕೊಕೇನ್ ಒಟ್ಟಿಗೆ ದೇಹ ಸೇರಿದ್ದೇ ಸಾವಿನ ಕಾರಣ. ಶವ ಸಿಕ್ಕಿದ್ದು ಎರಡು ವಾರದ ಮೇಲೆ, ಏಪ್ರಿಲ್ 19ರಂದು. ಖಾತೆಯಿಂದ ಹಣ ತೆಗೆದಿಲ್ಲವೆಂದು ಅವನ ಲೆಕ್ಕಪತ್ರ ನೋಡುವವರು ತಿಳಿಸಿದ ಮೇಲೆ ತಾಯಿ ಪೊಲೀಸರೊಂದಿಗೆ ಅಲ್ಲಿಗೆ ಹೋದರು. ಹಾಗಾಗಿ ಏಪ್ರಿಲ್ 5 ಎಂಬುದು ಅಂದಾಜಿಸಿದ ದಿನ. ಎಂಟು ವರ್ಷ ಹಿಂದೆ, 1994ರಲ್ಲಿ, ಅದೇ ಊರಿನಲ್ಲಿ ‘ನಿರ್ವಾಣ’ ತಂಡದ ಕರ್ಟ್ ಕೊಬೇನ್ ಆತ್ಮಹತ್ಯೆ ಮಾಡಿಕೊಂಡದ್ದೂ ಏಪ್ರಿಲ್ 5ರಂದೇ. ಅದೂ ಅಂದಾಜಿನ ದಿನವೇ.

ಜನಪ್ರಿಯ ಬರಹಗಳು ಈ ಸಾವಿನ ಒಂಟಿತನವನ್ನೇ ಮತ್ತೆ ಮತ್ತೆ ಬಣ್ಣಿಸಿವೆ. ಸ್ಟೇಲಿಯ ನೆನಪಿಗೆ ಸಂಬಂಧಿಸಿದ ಹಾಡು, ಆಲ್ಬಮ್, ಸಭೆ, ಸಂದರ್ಶನಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅವನಿಗಾಗಿ ಅಳುವುದು ಅವನು ಬದುಕಿದ್ದಾಗಲೇ ಶುರುವಾಗಿತ್ತು, ಮತ್ತು ಆ ಅಳುವಿಗೆ ಬೇಕಾದ ಹಾಡಿನ ರೂಪವನ್ನು ಕಟ್ಟಿದವರಲ್ಲಿ ಅವನೂ ಒಬ್ಬ.

ಇಂಥ ಶೋಕವನ್ನು ವಿವರಿಸಲು ಎರಡು ಪರಿಕಲ್ಪನೆಗಳು ನೆರವಾಗುತ್ತವೆ. ಸಂಶೋಧಕಿ ಪಾಲಿನ್ ಬಾಸ್ ರೂಪಿಸಿದ ‘ಅಸ್ಪಷ್ಟ ನಷ್ಟ’ದಲ್ಲಿ ವ್ಯಕ್ತಿ ಕಣ್ಣೆದುರಿಗಿದ್ದೂ ಕೈಗೆ ಸಿಗುವುದಿಲ್ಲ, ಮರೆವಿನ ಕಾಯಿಲೆಯಲ್ಲಿ, ವ್ಯಸನದಲ್ಲಿ ಹೀಗಾಗುತ್ತದೆ. ಹತ್ತಿರದವರು ಅಳಲೂ ಆಗದೆ, ಆಸೆ ಬಿಡಲೂ ಆಗದೆ ಉಳಿಯುತ್ತಾರೆ. ಶೋಕದ ಅಧ್ಯಯನಕಾರ ಕೆನೆತ್ ಡೋಕ 1989ರಲ್ಲಿ ಗುರುತಿಸಿದ್ದು ಸಮಾಜ ಮಾನ್ಯ ಮಾಡದ ದುಃಖವನ್ನು. ಮಾದಕ ವಸ್ತುವಿನಿಂದ ಸತ್ತವನ ವಿಷಯದಲ್ಲಿ ‘ತಾನೇ ತಂದುಕೊಂಡದ್ದು’ ಎಂಬ ಮಾತು ಸಂತಾಪಕ್ಕಿಂತ ಮೊದಲು ಬರುತ್ತದೆ. ಅಭಿಮಾನಿಯಂತೂ ಬಂಧುವಲ್ಲ, ಬಳಗವಲ್ಲ. ಅವನ ದುಃಖಕ್ಕೆ ಸೂತಕವಿಲ್ಲ, ಸಾಂತ್ವನವೂ ಇಲ್ಲ. ಎರಡು ಪರಿಕಲ್ಪನೆಗಳೂ ಸ್ಟೇಲಿಯ ಪ್ರಸಂಗಕ್ಕೆ ಹೊಂದುತ್ತವೆ. ಆದರೆ ಸತ್ತವನೇ ಮುಂಚೆ ಶೋಕಗೀತೆಗಳ ಗಾಯಕನಾಗಿದ್ದ ಸಂದರ್ಭವನ್ನು ಎರಡೂ ಊಹಿಸಿಕೊಂಡಿಲ್ಲ.

ಸಿಯಾಟಲ್‌ನ ಚರಮಗೀತೆಗಳ ಪರಂಪರೆ 1990ರಿಂದ ಹೊರಡುತ್ತದೆ. ಆ ವರ್ಷದ ಮಾರ್ಚ್ 19ರಂದು ‘ಮದರ್ ಲವ್ ಬೋನ್’ ತಂಡದ ಆಂಡ್ರ್ಯೂ ವುಡ್ 24ನೇ ವಯಸ್ಸಿನಲ್ಲಿ ಹೆರಾಯಿನ್‌ಗೆ ಬಲಿಯಾದ. ಅವನ ತಂಡದ ಮೊದಲ ಪೂರ್ಣ ಆಲ್ಬಮ್ ‘ಆ್ಯಪಲ್’ ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ವುಡ್‌ನೊಂದಿಗೆ ಒಂದೇ ಮನೆಯಲ್ಲಿ ವಾಸವಿದ್ದ ‘ಸೌಂಡ್‌ಗಾರ್ಡನ್’ನ ಕ್ರಿಸ್ ಕಾರ್ನೆಲ್ ಗೆಳೆಯನ ನೆನಪಿಗೆ ಹಾಡು ಬರೆದ, ವುಡ್‌ನ ಸಂಗಡಿಗರನ್ನು ಸೇರಿಸಿಕೊಂಡು 1991ರಲ್ಲಿ ‘ಟೆಂಪಲ್ ಆಫ್ ದ ಡಾಗ್’ ಎಂಬ ಆಲ್ಬಮ್ ಹೊರತಂದ. ಆ ಸಂಗಡಿಗರೇ ಕಟ್ಟಿದ ತಂಡ ‘ಪರ್ಲ್ ಜಾಮ್’. ಒಂದು ಊರಿನ ಸಂಗೀತ ಒಬ್ಬ ಗೆಳೆಯನ ಸಾವಿನ ಸುತ್ತ ಈ ಮಟ್ಟಿಗೆ ಹೆಣೆದುಕೊಂಡದ್ದು ರಾಕ್ ಚರಿತ್ರೆಯಲ್ಲಿ ಅಪರೂಪ.

ಆಲಿಸ್ ಇನ್ ಚೈನ್ಸ್ ಕೂಡ ವುಡ್‌ಗಾಗಿ ಒಂದು ಹಾಡು ಕಟ್ಟಿತು. ಗಿಟಾರ್ ವಾದಕ ಜೆರ್ರಿ ಕ್ಯಾಂಟ್ರೆಲ್ ಬರೆದ ‘ವುಡ್?’ 1992ರಲ್ಲಿ ‘ಸಿಂಗಲ್ಸ್’ ಚಿತ್ರದ ಹಾಡುಗಳೊಂದಿಗೆ ಬಂತು, ಅದೇ ವರ್ಷ ತಂಡದ ‘ಡರ್ಟ್’ ಆಲ್ಬಮ್‌ನ ಕೊನೆಯಲ್ಲೂ ಸೇರಿತು. ಹಾಡಿನ ಕಟ್ಟಡ ಗಮನಿಸಬೇಕಾದದ್ದು. ಬೇಸ್ ಗಿಟಾರಿನ ಗುಂಗಿನ ಮೇಲೆ ಕ್ಯಾಂಟ್ರೆಲ್ ತಗ್ಗಿದ ದನಿಯಲ್ಲಿ ಚರಣ ಹಾಡುತ್ತಾನೆ. ಪಲ್ಲವಿ ಬರುತ್ತಿದ್ದಂತೆ ಸ್ಟೇಲಿಯ ಕಂಠ ಒಮ್ಮೆಗೇ ಮೇಲೆದ್ದು ಹಾಡನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಬದುಕಿರುವ ಗೆಳೆಯ ತಗ್ಗಿದ ದನಿಯಲ್ಲಿ ನೆನೆಯುತ್ತಿದ್ದರೆ, ಅದೇ ವ್ಯಸನದ ಹಾದಿಯಲ್ಲಿದ್ದ ಇನ್ನೊಬ್ಬ ಸತ್ತವನ ಪರವಾಗಿ ಉತ್ತರ ಹೇಳಿದಂತೆ ಕೇಳಿಸುತ್ತದೆ. 2002ರ ನಂತರದ ಕೇಳುಗರಿಗಂತೂ ಇದು ಸ್ಟೇಲಿ ತನಗಾಗಿಯೇ ಹಾಡಿಕೊಂಡ ಚರಮಗೀತೆ. ಈ ಓದನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಅದಕ್ಕೆ ಎಡೆ ಮಾಡಿಕೊಟ್ಟದ್ದು ಹಾಡಿನ ರಚನೆಯೇ.

ಸ್ಟೇಲಿಯ ಪ್ರತಿಭೆಯ ಚರ್ಚೆ ಸಾಮಾನ್ಯವಾಗಿ ‘ನೋವಿನ ದನಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಅದು ಸಾಲದು. ರಾಕ್ ತಂಡಗಳಲ್ಲಿ ಎರಡನೆಯ ಕಂಠ ಹೆಚ್ಚಾಗಿ ಹಿನ್ನೆಲೆಯದು, ಮುಖ್ಯ ಗಾಯಕನಿಗೆ ಅಧೀನ. ಇಲ್ಲಿ ಸ್ಟೇಲಿ, ಕ್ಯಾಂಟ್ರೆಲ್ ಇಬ್ಬರ ಸ್ವರಗಳೂ ಒಂದಕ್ಕೊಂದು ತೀರ ಹತ್ತಿರದ ಅಂತರದಲ್ಲಿ ಜೊತೆಯಾಗಿ ಸಾಗುತ್ತವೆ. ‘ಡೌನ್ ಇನ್ ಎ ಹೋಲ್’ ಕೇಳುವಾಗ ಮುಖ್ಯ ರಾಗ ಯಾರ ಕಂಠದಲ್ಲಿದೆ ಎಂದು ಎಷ್ಟೋ ಕಡೆ ಗೊತ್ತಾಗುವುದಿಲ್ಲ. ಸ್ಟುಡಿಯೋದಲ್ಲಿ ಸ್ಟೇಲಿ ಒಂದೇ ಸಾಲನ್ನು ಹಲವು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಿದ್ದ. ಹೀಗೆ ಕೂರಬೇಕಾದರೆ ಉಸಿರು, ಉಚ್ಚಾರ, ಸ್ವರದ ಎಳೆತ ಪ್ರತಿ ಸಲವೂ ಕೂದಲೆಳೆಯಷ್ಟೂ ತಪ್ಪಬಾರದು. ಅಮಲಿನ ಉನ್ಮಾದದಿಂದ ಹುಟ್ಟಿದ್ದೆಂದು ಅಭಿಮಾನಿಗಳು ನಂಬಿರುವ ಹಾಡುಗಾರಿಕೆಯ ಹಿಂದೆ ಇಂಥ ಶಿಸ್ತಿತ್ತು.

ಡರ್ಟ್‌ನ ಹಲವು ಹಾಡುಗಳ ವಸ್ತುವೇ ಹೆರಾಯಿನ್. ಅವು ಎಚ್ಚರಿಕೆಯಾಗಿ ತಲುಪುತ್ತವೆಂದು ಸ್ಟೇಲಿ ಭಾವಿಸಿದ್ದ. ಆದರೆ ಕೆಲವು ಅಭಿಮಾನಿಗಳು ತಾವೂ ಅಮಲಿನಲ್ಲಿದ್ದೇವೆಂದು ಹೆಬ್ಬೆರಳೆತ್ತಿ ತೋರಿಸುತ್ತಿದ್ದರೆಂದು 1996ರ ಸಂದರ್ಶನವೊಂದರಲ್ಲಿ ಅವನು ನೊಂದು ಹೇಳಿದ. ಮುಂದೆ ಅವನಿಗಾಗಿ ಕಣ್ಣೀರಿಟ್ಟ ಕೇಳುಗ ಸಮುದಾಯದಲ್ಲೇ ಇವರೂ ಇದ್ದರು. ಈ ಶೋಕದಲ್ಲಿ ಕಾಣುವ ಅಪರಾಧ ಭಾವಕ್ಕೆ ಇದೂ ಒಂದು ಮೂಲ.

ಗಾಯಕ ಹಿಂದೆ ಸರಿದದ್ದು ಎಲ್ಲರ ಕಣ್ಣೆದುರೇ ನಡೆಯಿತು. 1994ರ ಜನವರಿಯಲ್ಲಿ ಬಂದ ತಂಡದ ‘ಜಾರ್ ಆಫ್ ಫ್ಲೈಸ್’ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಬಂದಿಳಿಯಿತು. ಕಿರು ಆಲ್ಬಮ್ ಒಂದಕ್ಕೆ ಆ ಮನ್ನಣೆ ಅದೇ ಮೊದಲು. ಆದರೆ ಅದೇ ವರ್ಷ ‘ಮೆಟಾಲಿಕಾ’ ಜೊತೆಗಿನ ಪ್ರವಾಸದಿಂದ ತಂಡ ಹಿಂದೆ ಸರಿಯಿತು. 1994ರಲ್ಲೇ ಪರ್ಲ್ ಜಾಮ್‌ನ ಮೈಕ್ ಮೆಕ್‌ಕ್ರೆಡಿ, ಚಿಕಿತ್ಸಾ ಕೇಂದ್ರದಲ್ಲಿ ಪರಿಚಯವಾದ ಬೇಸ್ ವಾದಕ ಜಾನ್ ಬೇಕರ್ ಸಾಂಡರ್ಸ್‌ನನ್ನು ಜೊತೆಗಿಟ್ಟುಕೊಂಡು ‘ಮ್ಯಾಡ್ ಸೀಸನ್’ ತಂಡ ಕಟ್ಟಿದ. ಚಟ ಬಿಟ್ಟವರ ಸಹವಾಸ ಸ್ಟೇಲಿಯನ್ನು ಉಳಿಸೀತೆಂಬ ಆಸೆ ಅದರ ಹಿಂದಿತ್ತು. ‘ಅಬೋವ್’ ಆಲ್ಬಮ್‌ಗೆ ಸ್ಟೇಲಿ ಹಾಡುಗಳ ಜೊತೆಗೆ ಮುಖಪುಟದ ಚಿತ್ರವನ್ನೂ ಬರೆದುಕೊಟ್ಟ. ಸಾಂಡರ್ಸ್ 1999ರಲ್ಲಿ ಹೆರಾಯಿನ್‌ನಿಂದಲೇ ಸತ್ತ.

1996ರ ಏಪ್ರಿಲ್ 10ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದ ಆಲಿಸ್ ಇನ್ ಚೈನ್ಸ್ ತಂಡದ ಎಂಟಿವಿ ‘ಅನ್‌ಪ್ಲಗ್ಡ್’ ಕಾರ್ಯಕ್ರಮದ ವಿಡಿಯೊ ಉಳಿದಿದೆ. ಗುಲಾಬಿ ಬಣ್ಣ ಹಚ್ಚಿದ ಸ್ಟೇಲಿಯ ಕೂದಲು, ಸೊರಗಿದ ಮೈ. ಒಂದು ಹಾಡಿನಲ್ಲಿ ಸಾಲು ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಕಂಠ ಮಾತ್ರ ಬಾಡಿರಲಿಲ್ಲ. ಜುಲೈ 3ರಂದು ಕಾನ್ಸಾಸ್ ಸಿಟಿಯಲ್ಲಿ ಹಾಡಿದ್ದೇ ಅವನ ಕೊನೆಯ ಕಛೇರಿ. ಅದೇ ವರ್ಷ ಅಕ್ಟೋಬರಿನಲ್ಲಿ, ಒಂದು ಕಾಲಕ್ಕೆ ಅವನೊಂದಿಗೆ ಮದುವೆ ನಿಶ್ಚಯವಾಗಿದ್ದ ಯುವತಿ ಮಾದಕ ವಸ್ತುವಿನ ಪರಿಣಾಮವಾಗಿ ತೀರಿಕೊಂಡಳು. 1998ರಲ್ಲಿ ಧ್ವನಿಮುದ್ರಿಸಿದ ಕೆಲವೇ ಹಾಡುಗಳನ್ನು ಬಿಟ್ಟರೆ ಉಳಿದ ಆರು ವರ್ಷ ಹೆಚ್ಚುಕಡಿಮೆ ಮೌನವೇ.

ಶೋಕ ಮುಂಚೆಯೇ ಶುರುವಾಗಿತ್ತೆಂಬುದಕ್ಕೆ ಬಲವಾದ ಸಾಕ್ಷಿ ಕ್ಯಾಂಟ್ರೆಲ್‌ನ ‘ಡಿಗ್ರಡೇಶನ್ ಟ್ರಿಪ್’. ಸ್ಟೇಲಿ ಸತ್ತು ಎರಡೂವರೆ ತಿಂಗಳಿಗೆ, 2002ರ ಜೂನ್‌ನಲ್ಲಿ, ಅವನಿಗೇ ಅರ್ಪಿತವಾಗಿ ಬಂದ ಆಲ್ಬಮ್ ಇದು. ಹಾಡುಗಳನ್ನು ಬರೆದದ್ದು ಮಾತ್ರ 1998ರಲ್ಲಿ, ಸ್ಟೇಲಿ ಇದ್ದಾಗಲೇ. ಅರ್ಪಣೆಯ ಒಂದು ಸಾಲು ಬಿದ್ದೊಡನೆ ಹಳೆಯ ಹಾಡುಗಳು ಚರಮಗೀತೆಗಳಾದವು. ಪದ ಬದಲಿಸುವ ಅಗತ್ಯ ಬೀಳಲಿಲ್ಲ. ಪರ್ಲ್ ಜಾಮ್‌ನ ಎಡ್ಡಿ ವೆಡ್ಡರ್‌ನದು ಇದಕ್ಕೆ ತದ್ವಿರುದ್ಧ ರೀತಿ. ಸುದ್ದಿ ತಿಳಿದ ರಾತ್ರಿಯೇ ಒಬ್ಬನೇ ಕೂತು ಹಾಡಿಟ್ಟ, ಆ ದಿನಾಂಕವನ್ನೇ ಹೆಸರಾಗಿಟ್ಟ. 2003ರ ‘ಲಾಸ್ಟ್ ಡಾಗ್ಸ್’ ಸಂಗ್ರಹದಲ್ಲಿ ಅದು ಪಟ್ಟಿಯಲ್ಲಿ ನಮೂದಾಗದ ಹಾಡಾಗಿ ಕೊನೆಗೆ ಬರುತ್ತದೆ. 2002ರ ಏಪ್ರಿಲ್ 20ರ ಸಂಜೆ ಸಿಯಾಟಲ್ ಸೆಂಟರ್‌ನ ಕಾರಂಜಿಯ ಬಳಿ ಅಭಿಮಾನಿಗಳೂ ಆಲಿಸ್ ಇನ್ ಚೈನ್ಸ್ ತಂಡದವರೂ ಮೇಣದ ಬತ್ತಿ ಹಚ್ಚಿ ಸೇರಿದರು. 1994ರಲ್ಲಿ ಕೊಬೇನ್‌ಗಾಗಿ ಸಾವಿರಾರು ಜನ ನೆರೆದದ್ದೂ ಸಿಯಾಟಲ್ ಸೆಂಟರ್‌ನಲ್ಲೇ. ಊರಿಗೆ ಇದು ರೂಢಿಯಾಗಿತ್ತು.

ತೀರ ಕಠಿಣವಾದದ್ದು ಮೈಕ್ ಸ್ಟಾರ್‌ನ ಶೋಕ. ಆಲಿಸ್ ಇನ್ ಚೈನ್ಸ್ ತಂಡದ ಮೊದಲ ಬೇಸ್ ವಾದಕನಾದ ಅವನು ಸಾವಿನ ಹಿಂದಿನ ದಿನ, ಏಪ್ರಿಲ್ 4ರಂದು, ಸ್ಟೇಲಿಯ ಮನೆಯಲ್ಲಿದ್ದ. ತುರ್ತು ಸೇವೆಯವರನ್ನು ಕರೆಯುತ್ತೇನೆಂದಾಗ, ಕರೆದರೆ ಸ್ನೇಹವೇ ಮುಗಿಯಿತೆಂದು ಸ್ಟೇಲಿ ತಡೆದನೆಂದೂ, ತಾನು ಸಿಟ್ಟಿನಿಂದ ಎದ್ದು ಬಂದೆನೆಂದೂ 2010ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಸ್ಟೇಲಿಯ ತಾಯಿಯೆದುರು ಒಪ್ಪಿಕೊಂಡ. ಅವರು ಅವನನ್ನು ದೂಷಿಸಲಿಲ್ಲ. ಮುಂದಿನ ವರ್ಷ ಮಾರ್ಚ್ 8ರಂದು ಸ್ಟಾರ್ ಕೂಡ 44ನೇ ವಯಸ್ಸಿನಲ್ಲಿ ಸತ್ತ. ಅತಿಯಾದ ಮದ್ದಿನಿಂದ ಪ್ರಾಣಾಪಾಯವಾದಾಗ ನೆರವಿಗೆ ಕರೆ ಮಾಡಿದವರ ಮೇಲೆ ಮಾದಕ ವಸ್ತು ಇಟ್ಟುಕೊಂಡ ಮೊಕದ್ದಮೆ ಹೂಡಬಾರದೆಂಬ ಕಾನೂನು ವಾಷಿಂಗ್ಟನ್ ರಾಜ್ಯದಲ್ಲಿ ಬಂದದ್ದು 2010ರಲ್ಲೇ. ವ್ಯಸನಿಯ ಪಕ್ಕದಲ್ಲಿ ಇರುವವನು ಹೆಚ್ಚಾಗಿ ಇನ್ನೊಬ್ಬ ವ್ಯಸನಿಯೇ ಎಂಬ ವಾಸ್ತವವನ್ನು ಆ ಕಾನೂನು ಒಪ್ಪಿಕೊಂಡಿತು.

ತಂಡ 2005ರಲ್ಲಿ ಮತ್ತೆ ಕೂಡಿತು. ಹೊಸ ಗಾಯಕ ವಿಲಿಯಂ ಡುವಾಲ್ ಸ್ಟೇಲಿಯ ಅನುಕರಣೆಗೆ ಇಳಿಯಲಿಲ್ಲ. ಜೋಡಿ ಕಂಠದ ಪದ್ಧತಿಯಂತೂ ಉಳಿಯಿತು. 2009ರ ‘ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ’ ಆಲ್ಬಮ್‌ನ ಶೀರ್ಷಿಕೆ ಗೀತೆ ಸ್ಟೇಲಿಗೆ ಬೀಳ್ಕೊಡುಗೆ. ಅದಕ್ಕೆ ಪಿಯಾನೋ ನುಡಿಸಿದ್ದು ಎಲ್ಟನ್ ಜಾನ್; ಸ್ಟೇಲಿ ಬಾಲ್ಯದಲ್ಲಿ ನೋಡಿದ ಮೊದಲ ಕಛೇರಿ ಅವರದೇ. ಸ್ಟೇಲಿಯ ಹೆಸರಿನ ನಿಧಿಯೊಂದು ವ್ಯಸನಿಗಳ ಚಿಕಿತ್ಸೆಗಾಗಿ ಹಣ ಕೂಡಿಸುತ್ತದೆ. ಸಿಯಾಟಲ್‌ನಲ್ಲಿ ಅವನ ನೆನಪಿನ ಕಛೇರಿ ಪ್ರತಿವರ್ಷ ನಡೆಯುತ್ತ ಬಂದದ್ದು ಏಪ್ರಿಲ್‌ನಲ್ಲಲ್ಲ, ಹುಟ್ಟುಹಬ್ಬದ ಆಸುಪಾಸಿನಲ್ಲಿ. 2019ರಲ್ಲಿ ನಗರದ ಮೇಯರ್ ಅಧಿಕೃತವಾಗಿ ‘ಲೇನ್ ಸ್ಟೇಲಿ ದಿನ’ವೆಂದು ಘೋಷಿಸಿದ್ದೂ ಅವನು ಹುಟ್ಟಿದ ಆಗಸ್ಟ್ 22ನ್ನೇ.