ಕಾರಿನ ಬೆನ್ನು ಹೇಳುವ ಇಸವಿ

ನಿಮ್ಮ ಮನೆಯ ಹಳೆಯ ಆಲ್ಬಂ ತೆರೆಯಿರಿ. ಮದುವೆ ದಿಬ್ಬಣದ ಫೋಟೋ; ಅಂಚಿನಲ್ಲಿ ಕಾರಿನ ಹಿಂಭಾಗ ಮಾತ್ರ ಕಾಣುತ್ತಿದೆ. ಫೋಟೋದ ಹಿಂದೆ ಯಾರೋ 1955 ಎಂದು ಬರೆದಿದ್ದಾರೆ ಎನ್ನೋಣ. ಅದು ನಿಜವೇ? ಕಾರನ್ನೇ ಕೇಳಿ.

ಹಿಂದೂಸ್ತಾನ್ ಮೋಟರ್ಸ್‌ನ ಲ್ಯಾಂಡ್‌ಮಾಸ್ಟರ್, ಇಂಗ್ಲೆಂಡಿನ ಎರಡನೆಯ ಶ್ರೇಣಿಯ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. ಅದರ ಬೆನ್ನು ನುಣ್ಣಗೆ, ಗುಂಡಗೆ ಇಳಿಯುತ್ತದೆ. ಅಂಬಾಸಿಡರ್‌ಗೆ ಮೂಲವಾದ ಮೂರನೆಯ ಶ್ರೇಣಿ ಇಂಗ್ಲೆಂಡಿನಲ್ಲೇ ಹೊರಬಂದದ್ದು 1956ರಲ್ಲಿ. ಅದರ ಹಿಂಬದಿಯ ಎರಡೂ ಮೂಲೆಗಳಲ್ಲಿ ಮೀನಿನ ರೆಕ್ಕೆಯಂಥ ಸಣ್ಣ ಏಣು. ಆ ಏಣು ಕಂಡಿತೋ, 1955 ಸುಳ್ಳು. ಬರೆದವರ ನೆನಪು ಜಾರಿದೆ. (ಸಂಬಂಧಿಕರೊಡನೆ ವಾದಕ್ಕೆ ಇಳಿಯುವ ಮುನ್ನ ಭೂತಗನ್ನಡಿ ಹಿಡಿದು ನೋಡುವುದು ಕ್ಷೇಮ!)

ಕಾರು ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ. ಅಂಬಾಸಿಡರ್ 2014ರವರೆಗೂ ತಯಾರಾಯಿತು. ಉಳಿದದ್ದನ್ನು, ದಿಬ್ಬಣದಲ್ಲಿದ್ದ ಅಜ್ಜಿ ಇನ್ನೂ ಇದ್ದರೆ, ಈ ವಾರವೇ ಕೇಳಿ.